ಯಲ್ಲಪ್ಪನ ಶೀಶೆ, ಲಕ್ಷ್ಮವ್ವನ ತೋಳು

ಯಲ್ಲಪ್ಪ ಕರಮುಡಿ ಐವತ್ತೊಂದು ವರ್ಷ ಬದುಕಿದ್ದು ಮುಖ್ಯವಾಗಿ ಹೆದರಿಕೆಯ ಬಲದಿಂದ. ಬೀಗ ಹಾಕಿದ ಮೇಲೆ ಬಾಗಿಲನ್ನು ಮೂರು ಸಲ ಎಳೆದಾಡಿ ಬೀಗದ ಮರ್ಯಾದೆ ಕಳೆಯುವವನು ಅವನು. ಅಪ್ಪ ಗದಗದ ಕಡೆಯಿಂದ ನಾಗಪುರಕ್ಕೆ ಬಂದು, ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಶ್ಚಿಂತೆಯಿಂದ ದುಡಿದರು. ಮಗ ರಕ್ತಪರೀಕ್ಷೆಯ ಲ್ಯಾಬು ಸೇರಿ ಹನಿಹನಿಗೂ ಬೆವರಿದ. ಹೋದ ಮೇ ತಿಂಗಳಲ್ಲಿ ಇಂಥವನ ಕೈಗೇ ಒಂದು ಮಗುವಿನ ಭವಿಷ್ಯ ಬಂದು ಬಿತ್ತು.

ನಾಗಪುರದ ಪಕ್ಕದ ಕಾಮಠಿಯ ಯಶಿಕಾಗೆ ಎರಡು ವರ್ಷ. ಸೋಂಕಿನ ಮೇಲೆ ಸೋಂಕು. ಅವಳ ರಕ್ತದಲ್ಲಿ ಟಿ ಕೋಶಗಳೆಂಬ ಕಾವಲುಗಾರರು ಇದ್ದಾರೋ ಇಲ್ಲವೋ ಎಂದು ಡಾಕ್ಟರ್ ಸಂಹಿತಾಗೆ ತಿಳಿಯಬೇಕಿತ್ತು. ಇಲ್ಲವೆಂದರೆ ಮಗುವನ್ನು ಅಸ್ಥಿಮಜ್ಜೆಯ ಕಸಿಗೆ ಮುಂಬಯಿಗೆ ಒಯ್ಯಬೇಕು. ಅದನ್ನು ಪತ್ತೆ ಹಚ್ಚುವ ವೀರ ಒಂದು ಶೀಶೆಯಲ್ಲಿದ್ದ: ಟಿ ಕೋಶದ ಮೈಮೇಲಿನ ಗ್ರಾಹಕವೆಂಬ ಕೊಂಡಿಗೆ ಅಂಟಿ ಕೂತು, ಲೇಸರ್ ಬೆಳಕು ಬಿದ್ದೊಡನೆ ಹೊಳೆಯುವ ಪ್ರತಿಕಾಯ. ಇಡೀ ಸೈನ್ಯ ಸೇರಿ ಅರ್ಧ ಚಮಚವಿಲ್ಲ. ಆದರೆ ರಾಜಠೀವಿ! ಬಿಸಿ ತಾಗಬಾರದು, ಹೆಪ್ಪೂ ಗಟ್ಟಬಾರದು.

ಶನಿವಾರ ನಲವತ್ತಾರು ಡಿಗ್ರಿಗೆ ಲ್ಯಾಬಿನ ಫ್ರಿಜ್ಜೇ ಪ್ರಾಣ ಬಿಟ್ಟಿತು. ಯಲ್ಲಪ್ಪ ಶೀಶೆಯನ್ನು ತಂಪು ಡಬ್ಬಿಯಲ್ಲಿಟ್ಟು, ಸಿಗ್ನಲ್ ಸಿಗ್ನಲ್ಲಿಗೂ ಮುಟ್ಟಿ ನೋಡುತ್ತ, ಸ್ಕೂಟರಿನಲ್ಲಿ ಮನೀಶ್ ನಗರದ ಮನೆಗೆ ತಂದು, ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಪ್ರತಿಷ್ಠಾಪಿಸಿದ.

ಭಾನುವಾರ ಬೆಳಿಗ್ಗೆ ಮೊಸರು ಇತ್ತು. ಶೀಶೆ ಇರಲಿಲ್ಲ.

"ಯವ್ವಾ!"

"ಯಾಕ ಚೀರ್ತಿ? ಔಷಧ ಅಲ್ಲೇನು ಅದು? ಬರೋಬರ್ ಥಂಡಿ ಹತ್ತಲಿ ಅಂತ ಮ್ಯಾಲ ಬರ್ಫಿನ ಖಾನೇದಾಗ ಇಟ್ಟೀನಿ," ಎಂದಳು ಎಪ್ಪತ್ತನಾಲ್ಕರ ತಾಯಿ ಲಕ್ಷ್ಮವ್ವ, ಶಹಬ್ಬಾಸ್‌ಗಿರಿಗೆ ಕಾಯುವ ಮುಖದಲ್ಲಿ.

ಫ್ರೀಜರಿನಲ್ಲಿ ಶೀಶೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ಯಲ್ಲಪ್ಪ ಅದಕ್ಕಿಂತ ಕಲ್ಲಾದ.

"ಇದು ಕೆಟ್ಟಿದ್ರ ಆ ಕೂಸಿನ ರಕ್ತದಾಗ ಏನೂ ಹೊಳೆಯಂಗಿಲ್ಲ. ಇದ್ದದ್ದನ್ನ ಇಲ್ಲ ಅಂತ ಬರದಂಗ ಆಕ್ಕೈತಿ!"

"ಹಂಗಾರ ಮೊದಲ ಗಟ್ಟಿ ಮಂದಿ ರಕ್ತಕ್ಕ ಹಾಕಿ ನೋಡು. ನಂದ ತಗೋ. ಚಲೋ, ಜಲ್ದಿ ಸ್ಕೂಟರ್ ತಗಿ."

ಲ್ಯಾಬಿನ ನಿಯಮವೂ ಅದೇ. ಗಾಬರಿಯಲ್ಲಿ ಮಗನಿಗೆ ಮರೆತಿತ್ತು. ತಾಯಿಗೆ ಗೊತ್ತೇ ಇರಲಿಲ್ಲ.

ರಜೆಯ ಲ್ಯಾಬಿನಲ್ಲಿ ಲಕ್ಷ್ಮವ್ವ ಮಹಾರಾಣಿಯಂತೆ ತೋಳು ಚಾಚಿದಳು. ಶೀಶೆಯ ಹನಿ ಬೆರೆಸಿದ ರಕ್ತ ಯಂತ್ರದೊಳಗೆ ಹೋಯಿತು. ಪರದೆಯಲ್ಲಿ ಹೊಳೆಯುವ ಚುಕ್ಕೆಗಳ ಗುಡ್ಡ ಏಳಬೇಕಾದಲ್ಲಿ ಬಯಲು.

"ಏನಂತೈತಿ?"

"ನಿನ್ನ ಮೈಯಾಗ ಕಾವಲುಗಾರರ ಇಲ್ಲಂತ."

"ಇಲ್ಲದ ಇಷ್ಟು ವರ್ಷ ಹೆಂಗ ಬದುಕೀನಿ? ಕೊರೋನಾ ಬಂದಾಗ ಚಹಾ ಕುಡಿಸಿ ಕಳಿಸೀನೇನು?"

ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ. ಶೀಶೆ ಸತ್ತಿತ್ತು. ತಪ್ಪನ್ನು ಲ್ಯಾಬಿನ ಫ್ರಿಜ್ಜಿನ ತಲೆಗೆ ಕಟ್ಟಬಹುದಿತ್ತು. ಅದೇನು ಎದುರುತ್ತರ ಕೊಡುವುದಿಲ್ಲ. ಯಲ್ಲಪ್ಪ ಅದನ್ನೂ ಯೋಚಿಸಿದ. ಆಮೇಲೆ ಫೋನು ಹಚ್ಚಿ, ಮೊಸರಿನಿಂದ ಬರ್ಫಿನವರೆಗೆ ಎಲ್ಲವನ್ನೂ ಸಂಹಿತಾಗೆ ಒದರಿದ.

ಉತ್ತರ ಬರುವಷ್ಟರಲ್ಲಿ ಯಲ್ಲಪ್ಪ ಎರಡು ಸಲ ಕೆಲಸ ಕಳೆದುಕೊಂಡ, ಮನಸ್ಸಿನಲ್ಲಿ.

"ಬೇರೆ ಆಸ್ಪತ್ರೆಯಿಂದ ಹೊಸದು ತರಿಸ್ತೀನಿ, ಯಲ್ಲಪ್ಪ. ತೆಗೆದಿಟ್ಟಿರೋ ಮಗುವಿನ ರಕ್ತ ಸಂಜೆವರೆಗೂ ತಡಿಯುತ್ತಾ?"

"ತಡೀತೈತ್ರಿ ಮೇಡಂ." ತಾನು ತಡೆಯುವ ಬಗ್ಗೆ ಅವನಿಗೆ ಖಾತ್ರಿ ಇರಲಿಲ್ಲ.

ಮೂರು ಗಂಟೆಗೆ ಹೊಸ ಶೀಶೆ ಬಂತು. ಮೊದಲು ಲಕ್ಷ್ಮವ್ವನ ರಕ್ತ: ಗುಡ್ಡ ಎದ್ದಿತು, ಅವಳಷ್ಟೇ ದರ್ಪದಿಂದ. ಆಮೇಲೆ ಯಶಿಕಾಳದು. ಪರದೆ ಖಾಲಿ. ಒಂದು ಚುಕ್ಕೆ. ಹತ್ತು. ನೂರು. ಗುಡ್ಡವಲ್ಲ, ದಿಬ್ಬ, ಆದರೂ ದಿಬ್ಬ. ಇನ್ನೊಮ್ಮೆ ನಡೆಸಿದ. ಅದೇ ದಿಬ್ಬ.

"ಕೂಸಿಗೆ ಅದಾವೇನೋ?" ಲಕ್ಷ್ಮವ್ವನ ದನಿ ಮೊದಲ ಸಲ ಸಣ್ಣದಾಗಿತ್ತು.

ಯಲ್ಲಪ್ಪ ಸಂಹಿತಾಗೆ ಫೋನು ಹಚ್ಚಿ, ಇಬ್ಬರಿಗೂ ಸೇರಿಸಿ ಹೇಳಿದ: "ಅದಾವ್ರಿ. ಕಡಿಮಿ ಅದಾವು. ಆದ್ರ ಅದಾವು."