ಅವಳ ಕಾರ್ಡಿನ ತಂಪು

ನಮ್ಮಿಬ್ಬರದ್ದೂ ಒಂದೇ ಮಾಡೆಲಿನ ಗ್ರಾಫಿಕ್ಸ್ ಕಾರ್ಡ್, ಕಂಪ್ಯೂಟರಿನಲ್ಲಿ ವಿಡಿಯೋ ಕೆಲಸದ ಭಾರ ಹೊರುವಂಥದ್ದು; ಉಡುಪಿಯ ಒಂದೇ ಅಂಗಡಿಯಿಂದ ಒಟ್ಟಿಗೆ ತಂದದ್ದು. ಎರಡು ಡಬ್ಬಿಗಳಲ್ಲಿ ಮೊದಲು ಆರಿಸಿಕೊಂಡವಳೂ ನಾನೇ. ಆದರೂ ಒಳ್ಳೆಯದು ಅವಳ ಪಾಲಿಗೆ ಹೋಯಿತು.

ಮಣಿಪಾಲದಲ್ಲಿ ಜೊತೆಗೆ ಓದಿದ ಗೆಳತಿ ಅವಳು. ಇಬ್ಬರೂ ಮದುವೆಯ ವಿಡಿಯೋ ಎಡಿಟ್ ಮಾಡುತ್ತೇವೆ. ಅವಳು ಕಾಪುವಿನಲ್ಲಿ, ನಾನು ಕಾರ್ಕಳದಲ್ಲಿ. ಕಾರ್ಡಿಗೆ ಹೋಗುವ ವೋಲ್ಟೇಜನ್ನು ಸಾಫ್ಟ್‌ವೇರಿನಲ್ಲಿ ಇಳಿಸಿದರೆ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬಿಸಿ ತಗ್ಗುತ್ತದೆ ಎಂದು ಮೊದಲು ಕಲಿತವಳು ಅವಳು. ಅವಳ ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನ್ ತಿರುಗುವುದೇ ಗೊತ್ತಾಗುವುದಿಲ್ಲ. ನನ್ನದು ಹಿಟ್ಟಿನ ಗಿರಣಿ. ನನಗೆ ಹೊಟ್ಟೆ ಉರಿದುಹೋಯಿತು. ಅವಳು ಚಹಾ ತರಲು ಒಳಗೆ ಹೋದಾಗ ಪರದೆಯ ಮೇಲಿದ್ದ ವೋಲ್ಟೇಜಿನ ಅಂಕೆಗಳ ಫೋಟೋ ತೆಗೆದುಕೊಂಡೆ. ಕೇಳಿದ್ದರೆ ಕೊಡುತ್ತಿದ್ದಳು, ಕೇಳಲು ನನಗೆ ಬಿಗುಮಾನ.

ಬೆಳಿಗ್ಗೆ ಇಗರ್ಜಿಯಲ್ಲಿ ನಡೆದ ಮದುವೆಯನ್ನು ಸಂಜೆಯ ರಿಸೆಪ್ಶನ್ನಿನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವುದು ಈಗ ಇಲ್ಲಿನ ರೂಢಿ. ಕಾಪುವಿನ ಒಂದು ಮನೆಯವರು ಅವಳನ್ನು ಬಿಟ್ಟು ನನಗೆ ಆ ಕೆಲಸ ಕೊಟ್ಟರು. ನಾನು ನೆಲದ ಮೇಲಿರಲಿಲ್ಲ. ಮದುವೆಯ ದಿನವೇ ಅವಳ ಅಂಕೆಗಳನ್ನು ನನ್ನ ಕಾರ್ಡಿಗೆ ಹಾಕಿದೆ. ಒಂದು ಕಾರ್ಡು ತಾಳಿದ್ದನ್ನು ಇನ್ನೊಂದು ತಾಳಬೇಕೆಂದಿಲ್ಲ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳದ್ದು ತಾಳುತ್ತದಂತೆ, ನನ್ನದಕ್ಕೇನು ಧಾಡಿ ಎಂಬ ಹಟ.

ವಿಡಿಯೋ ಅರ್ಧ ತಯಾರಾಗುವಾಗ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದೆ, ಮತ್ತೆ ಕಪ್ಪು. ಹಳೆಯ ಅಂಕೆಗಳಿಗೆ ಮರಳುವ ಬುದ್ಧಿ ಬರುವಷ್ಟರಲ್ಲಿ ಹೊರಡುವ ಹೊತ್ತಾಗಿತ್ತು. ಸಂಜೆ ಪರದೆ ಖಾಲಿ ಉಳಿದರೆ ಈ ಊರುಗಳಲ್ಲಿ ನನ್ನನ್ನು ಇನ್ನು ಯಾರೂ ಕರೆಯುವುದಿಲ್ಲ. ಹಾಲ್ ಇದ್ದದ್ದು ಅವಳ ಮನೆಯ ಹತ್ತಿರವೇ. ಹಾರ್ಡ್ ಡಿಸ್ಕ್ ಹಿಡಿದು ಅವಳ ಬಾಗಿಲಿಗೇ ಹೋಗಿ ನಿಂತೆ.

ಅವಳು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಕೆಲಸ ಹಚ್ಚಿದಳು. ಕಾರ್ಡು ಸದ್ದಿಲ್ಲದೆ ಓಡಿತು. ಕೆಲಸ ನನ್ನದು, ಹೋಗುವ ಮಾನವೂ ನನ್ನದೇ. ಆದರೂ ಅವಳದ್ದೂ ಒಮ್ಮೆ ಕಪ್ಪಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆಗಲಿಲ್ಲ. ಹಾಲಿನಲ್ಲಿ ಜನ ಚಪ್ಪಾಳೆ ತಟ್ಟಿದರು.

ನಿನಗೆ ಒಳ್ಳೆಯ ಕಾರ್ಡು ಸಿಕ್ಕಿತು, ನನ್ನ ಹಣೆಬರಹ ಇಷ್ಟೇ ಎಂದು ಆಮೇಲೆ ಅವಳ ಮುಂದೆ ಕಾರಿಕೊಂಡೆ.

"ಹಾಗಾದ್ರೆ ಬದಲಾಯಿಸಿಕೊಳ್ಳುವ ಮಾರಾಯ್ತಿ," ಎಂದಳು. "ನನಗೆಂತ?"

ನಾಚಿಕೆಯಿಲ್ಲದೆ ಒಪ್ಪಿದೆ. ಅವಳ ಕಾರ್ಡು ನನ್ನ ಕೋಣೆಗೆ ಬಂತು, ಗಿರಣಿ ನಿಂತಿತು. ಕೆಲವು ದಿನ ಸುಖವಾಗಿದ್ದೆ. ಇನ್ನು ಅವಳು ಸೆಕೆಯಲ್ಲಿ ಬೇಯಲಿ ಎಂದುಕೊಂಡೇ ಒಮ್ಮೆ ಕಾಪುವಿಗೆ ಹೋದೆ. ಅವಳ ಕೋಣೆಯಲ್ಲಿ ಅದೇ ತಂಪು, ಅದೇ ಮೌನ. ಹೊಸ ಕಾರ್ಡು ತಂದೆಯಾ ಎಂದು ಕೇಳಿದೆ.

"ಇಲ್ಲಪ್ಪ, ನಿನ್ನದೇ ಉಂಟು. ವೋಲ್ಟೇಜ್ ಸ್ವಲ್ಪ ಸ್ವಲ್ಪ ಇಳಿಸಿ, ಪ್ರತಿ ಸಲ ಓಡಿಸಿ ನೋಡಿದೆ. ನನ್ನ ಹಳೆಯದರಷ್ಟು ಕೆಳಗೆ ಹೋಗುವುದಿಲ್ಲ. ಆದರೆ ಇಷ್ಟು ಸಾಕಲ್ವಾ?"

ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಕಾರ್ಡಿನ ನೆಪವಾದರೂ ಇತ್ತು. ಆ ಕಾರ್ಡು ಈಗ ನನ್ನ ಮನೆಯಲ್ಲೇ ಇದೆ.