ನರಸಯ್ಯ ಕೊಟ್ಟ ತುಂಬು ಗ್ಲಾಸು

ಅಕ್ಕಿಹೆಬ್ಬಾಳಿನ ನರಸಯ್ಯ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿ ಇಟ್ಟು ಹನ್ನೊಂದು ವರ್ಷವಾಗಿತ್ತು. ಹಾಲಿಗೆ ನೀರು ಬೆರೆಸುವ ಆಸಾಮಿಯಲ್ಲ, ಮಾತು ಮಾತ್ರ ಸ್ವಲ್ಪ ಖಾರ. ತೊಂಬತ್ತನಾಲ್ಕರಲ್ಲಿ ಅಬ್ದುಲ್ ವಾಹಿದ್ ಬಂದು ಎದುರಿಗೇ ಒಲೆ ಹೂಡಿದ್ದೇ ತಡ, ನರಸಯ್ಯನ ಹೊಟ್ಟೆಯಲ್ಲೂ ಒಂದು ಒಲೆ ಹತ್ತಿಕೊಂಡಿತು. ಬಸ್ಸು ನಿಲ್ಲುವುದು ಐದು ನಿಮಿಷ. ಅಷ್ಟರಲ್ಲಿ ಕಿಟಕಿಯಿಂದ ಚಾಚುವ ಕೈಗಳೆಲ್ಲ ವಾಹಿದನ ಕಡೆಗೇ.

"ಅವನ್ ಟೀ ಸುಡ್ತಾ ಇರ್ತದೆ, ನಿಂದು ಆರೋಗಿರ್ತದೆ ಕಣ್ಲಾ" ಎಂದು ಕಂಡಕ್ಟರ್ ದ್ಯಾವಯ್ಯ ಮುಖಕ್ಕೇ ಹೇಳಿಬಿಟ್ಟ.

ಅಂದಿನಿಂದ ನರಸಯ್ಯ ವಾಹಿದನನ್ನು ಕದ್ದು ಕದ್ದು ನೋಡತೊಡಗಿದ. ಅವನು ಕಿಟಕಿಗೆ ಕೊಡುವಾಗ ಗ್ಲಾಸಿಗೆ ಮುಕ್ಕಾಲು ಭಾಗವಷ್ಟೇ ಹಾಕುತ್ತಿದ್ದ. ಕೈ ಸುಡದಿರಲೆಂದು ಹಾಕುತ್ತಿದ್ದದ್ದು ಹಾಗೆ. ಹೊಟ್ಟೆಕಿಚ್ಚಿನವನಿಗೆ ಅದು ಜಿಪುಣತನವಾಗಿ ಕಂಡಿತು. ಮರುದಿನದಿಂದ ನರಸಯ್ಯ ಟೀಯನ್ನು ಎತ್ತಿ ಎರೆದು ಆರಿಸುವುದನ್ನೇ ಬಿಟ್ಟ. ಒಲೆಯಿಂದ ನೇರ ಗ್ಲಾಸಿಗೆ, ಅದೂ ತುಳುಕುವಷ್ಟು.

ಮೂರನೆಯ ದಿನ ಕಿಟಕಿಯಲ್ಲಿ ಗ್ಲಾಸು ಈಸಿಕೊಂಡ ಸಿಂಧಘಟ್ಟದ ಬೆಟ್ಟಮ್ಮನ ಕೈಮೇಲೆ ಟೀ ಚೆಲ್ಲಿತು. ಅವಳು ಕೂಗಿಕೊಂಡದ್ದಕ್ಕೆ ಮಗ ಲೋಕೇಶ್ ಬಸ್ಸಿನಿಂದ ಧುಮುಕಿ ಬಂದ.

"ಯಾರ್ಲಾ ಇದ್ಕೆ ಒಣೆ?"

"ಟೀ ಅಂದ್ರೆ ಬಿಸಿ ಇರ್ದೆ ಇನ್ನೇನಿರ್ತದೆ? ನೆಟ್ಟಗೆ ಇಡ್ಕಬೇಕಾಗಿತ್ತು" ಎಂದ ನರಸಯ್ಯ.

"ಮಾರೋನ್ಗೆ ನೆಟ್ಟಗೆ ಕೊಡಾಕ್ ಬರಲ್ವಾ? ಇವತ್ತೇ ಕಂಪ್ಲೇಂಟ್ ಕೊಟ್ಟು ನಿನ್ ಅಂಗ್ಡಿ ಎತ್ತಿಸ್ತೀನಿ."

ಅಷ್ಟರಲ್ಲಿ ವಾಹಿದ್ ಬಿಂದಿಗೆ ತಂದು ಬೆಟ್ಟಮ್ಮನ ಕೈಗೆ ತಣ್ಣೀರು ಸುರಿದ.

"ಬಸ್ಸು ಒಂಚೂರು ಜರುಗ್ತು, ನಾನೇ ನೋಡ್ದೆ. ನರಸಣ್ಣಂದೇನೂ ತಪ್ಪಿಲ್ಲ" ಎಂದ.

ಬಸ್ಸು ಕದಲಿರಲಿಲ್ಲ. ಆದರೂ ಸುತ್ತ ನಿಂತವರೆಲ್ಲ ಹೌದೌದೆಂದು ತಲೆಯಾಡಿಸಿದರು. ಲೋಕೇಶನೂ ಡ್ರೈವರನನ್ನು ಹುಡುಕಿಕೊಂಡು ತಿರುಗಿದ. ಸುಮ್ಮನಿದ್ದಿದ್ದರೆ ನರಸಯ್ಯ ಪಾರಾಗುತ್ತಿದ್ದ. ಆದರೆ ಹನ್ನೊಂದು ವರ್ಷ ಇಲ್ಲೇ ಬೆಂದ ತನ್ನ ಮಾತಿಗಿಲ್ಲದ ಬೆಲೆ ನಿನ್ನೆ ಮೊನ್ನೆ ಬಂದವನ ಸುಳ್ಳಿಗೆ! ಇವನ ದಯೆಯಲ್ಲಿ ಅಂಗಡಿ ಉಳಿಸಿಕೊಳ್ಳುವುದಕ್ಕಿಂತ ಅದು ಹೋಗುವುದೇ ವಾಸಿ ಅನ್ನಿಸಿಬಿಟ್ಟಿತು.

"ಬಸ್ಸೂ ಜರುಗ್ಲಿಲ್ಲ, ಏನೂ ಇಲ್ಲ. ಕುದಿಯೋದ ನಾನೇ ತುಳುಕೋ ಅಂಗೆ ತುಂಬ್ಸಿ ಕೊಟ್ಟೆ. ತಪ್ಪು ನಂದೇ" ಎಂದ.

ಲೋಕೇಶನ ಸಿಟ್ಟು ಅರ್ಧ ಇಳಿಯಿತು. "ಮೊದ್ಲೇ ಇಂಗಂದಿದ್ರೆ ಆಗ್ತಿರ್ಲಿಲ್ವಾ? ನಡಿ ಆಸ್ಪತ್ರೆಗೆ" ಎಂದು ಆಟೋ ಕೂಗಿದ. ಬೆಟ್ಟಮ್ಮ ಬಸ್ಸಿಳಿದು ಬಂದಳು, ನರಸಯ್ಯನೂ ಸೇರಿ ಮೂವರೂ ಹತ್ತಿಕೊಂಡರು.

ದಾರಿಯಲ್ಲಿ ಬೆಟ್ಟಮ್ಮ ಕೈಗೆ ಉಫ್ ಎಂದು ಊದಿಕೊಳ್ಳುತ್ತ ಹೇಳಿದಳು: "ಕಂಪ್ಲೇಂಟು ಗಿಂಪ್ಲೇಂಟು ಬ್ಯಾಡ ಕಣ್ಲಾ ಲೋಕೇಸ. ತಪ್ಪು ಒಪ್ಕಂಡವ್ನಲ್ಲ, ದೊಡ್ ಮನ್ಸ ಇವ್ನು."

ನರಸಯ್ಯನ ಎದೆ ಉಬ್ಬಿತು. ಎಷ್ಟೋ ದಿನದ ಮೇಲೆ ವಾಹಿದನಿಗಿಲ್ಲದ ಹೊಗಳಿಕೆಯೊಂದು ತನಗೆ ಸಿಕ್ಕಿತ್ತು.

"ಅಂಗಂತ ಆ ಸಾಬ್ರೂ ಕಮ್ಮಿಯೋರಲ್ಲ" ಎಂದಳು ಬೆಟ್ಟಮ್ಮ. "ನಿನ್ ಉಳಿಸಾಕೆ ಸುಳ್ಳೇಳುದ್ರಲ್ಲಪ್ಪ, ನಿನಗಿಂತ ಒಂದ್ ಕೈ ಮೇಲೇಯ."

ಬೊಬ್ಬೆ ಎದ್ದ ಅವಳ ಕೈ ಕಣ್ಣೆದುರಿಗೇ ಇತ್ತು. ಆದರೆ ನರಸಯ್ಯನಿಗೆ ಉರಿ ಹತ್ತಿದ್ದು ಆ ಮಾತಿನಿಂದ.