ಮಜ್ಜಿಗೆ ಕೊಟ್ಟವಳು ನಾನು

ನಮ್ಮವರು ಹೋಗಿ ಐದು ತಿಂಗಳಾಯಿತು. ಅವರ ಮೇಲೆ ಊರಲ್ಲಿ ಒಂದು ಮಾತು ಕೂತಿದೆ. ಆ ಮಾತು ಸುಳ್ಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಶಂಭುಲಿಂಗಪ್ಪ. ನವಲಗುಂದ ತಾಲೂಕಿನ ತಿರ್ಲಾಪುರದವರು. ಮಸರಿನ ಶಂಭಣ್ಣ ಎಂದರೆ ಎಲ್ಲರಿಗೂ ಗೊತ್ತು. ನಾಲ್ಕು ಎಮ್ಮೆ, ಹನ್ನೆರಡು ಗಡಿಗೆ. ಬೆಳಿಗ್ಗೆ ಆರರ ಬಸ್ಸಿಗೆ ಗಡಿಗೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ನವಲಗುಂದಕ್ಕೆ ಹೋಗುವುದು, ಮಾರಿ ಹನ್ನೊಂದಕ್ಕೆ ಮನೆಗೆ ಬರುವುದು. ಮೂವತ್ತು ವರ್ಷ ಇದನ್ನೇ ಮಾಡಿದರು.

ಮೊಸರು ಗಟ್ಟಿ ಇಲ್ಲ ಎಂದವರ ತಲೆಯ ಮೇಲೆ ಗಡಿಗೆ ಬೋರಲು ಹಿಡಿಯುವುದು ಅವರ ಚಟ. ಒಮ್ಮೆ ಒಬ್ಬ ಮಾಸ್ತರರ ತಲೆಯ ಮೇಲೆ ಹಿಡಿದರು.

“ಅಲಗ್ಯಾಡಬ್ಯಾಡ್ರಿ ಮಾಸ್ತರ. ನೀವು ಅಲಗ್ಯಾಡಿದ್ರ ನನ್ನ ಮಸರಿಗೆ ಕೆಟ್ಟ ಹೆಸರು.”

ಮಾಸ್ತರರು ಅಲುಗಾಡಲಿಲ್ಲ. ಮೊಸರೂ ಬೀಳಲಿಲ್ಲ. ಅವತ್ತಿನಿಂದ ಆ ಮನೆಗೆ ದಿನಾ ಒಂದು ಗಡಿಗೆ.

ಹಾಲಿಗೆ ನೀರು ಬೆರೆಸಿದ ಮನುಷ್ಯ ಅಲ್ಲ. ನನಗೆ ಗೊತ್ತಿರುವಂತೆ ಜೀವನದಲ್ಲಿ ಒಂದೇ ಸುಳ್ಳು ಹೇಳಿದರು.

ಮೂರು ವರ್ಷದ ಹಿಂದೆ ಅವರ ಕಾಲ ಮೇಲೆ ಕೆಂಪು ಚುಕ್ಕೆ ಎದ್ದವು. ಸೊಳ್ಳೆ ಕಡಿದ ಹಾಗೆ, ಆದರೆ ತುರಿಕೆ ಇಲ್ಲ. ಎಮ್ಮೆ ಬಾಲ ಬೀಸಿದರೆ ತೋಳಿಗೆ ನೀಲಿ ಬರೆ ಏಳುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜಿದರೆ ಉಗುಳು ಕೆಂಪು.

“ಎಲಿ ಅಡಿಕಿ ಹಾಕಲಾರದನ ಬಾಯಿ ಕೆಂಪಾತಲೇ ಶಾರದಾ,” ಎಂದು ನಕ್ಕರು. ನಾನು ನಗಲಿಲ್ಲ. ಹುಬ್ಬಳ್ಳಿಗೆ ಕರೆದುಕೊಂಡು ಹೋದೆ.

ರಕ್ತ ನೋಡಿದರು. ಪ್ಲೇಟ್‌ಲೆಟ್ ಎಂಟು ಸಾವಿರ.

“ಒಂದೂವರಿ ಲಕ್ಷದ ಮ್ಯಾಲೆ ಇರಬೇಕ್ರಿ,” ಎಂದರು ಡಾಕ್ಟರ್ ಗೌತಮಿ. “ಗಾಯ ಆದ್ರ ರಕ್ತ ನಿಲ್ಲಸೋ ಕಣ ಇವು. ಇವರ ಮೈ ತನ್ನ ಕಣಾನ ವೈರಿ ಅಂತ ತಿಳದು ಕೊಲ್ಲಲಿಕ್ಕೆ ಹತ್ತೇದ. ಕಾಲಾಗಿನ ಚುಕ್ಕಿಗೆ ನಾ ಅಂಜೂದಿಲ್ಲ. ಮಿದುಳಿನ್ಯಾಗ ರಕ್ತ ಸೋರಿದ್ರ ಜೀವಕ್ಕ ಬರ್ತದ. ತಲಿನೋವು ಬಂತಂದ್ರ ಒಂದು ತಾಸು ತಡಾ ಮಾಡಬ್ಯಾಡ್ರಿ.”

ಅವತ್ತಿನಿಂದ ಅವರು ಹಣೆ ಮುಟ್ಟಿಕೊಂಡರೆ ನಾನು ಹುಬ್ಬಳ್ಳಿ ಬಸ್ಸಿನ ಹೊತ್ತು ಎಣಿಸುತ್ತಿದ್ದೆ.

ಮೊದಲು ಒಂದು ಗುಳಿಗೆ ಕೊಟ್ಟರು. ಮುಖ ಊದಿತು, ಸಕ್ಕರೆ ಏರಿತು, ಹೊಟ್ಟೆ ಉರಿಯಿತು. ಎಂದೂ ಸಿಟ್ಟಾಗದವರು ಎಮ್ಮೆಗೆ ಬೈದರು. ಗುಳಿಗೆ ಕಡಿಮೆ ಮಾಡಿದ ಕೂಡಲೇ ಎಣಿಕೆ ಮತ್ತೆ ಇಳಿಯಿತು. ಆಗ ಡಾಕ್ಟರು ಹೊಸ ಗುಳಿಗೆ ಬರೆದರು.

“ಎಲುಬಿನೊಳಗ ಈ ಕಣ ಹುಟ್ಟತಾವ. ಈ ಗುಳಿಗಿ ಅಲ್ಲಿ ಹೋಗಿ ಇನ್ನಷ್ಟು ಮಾಡು, ಇನ್ನಷ್ಟು ಮಾಡು ಅಂತದ. ಸಾಯೋದಕ್ಕಿಂತ ಹುಟ್ಟೋದು ಜಾಸ್ತಿ ಆದ್ರ ಆತಲ್ಲ?”

“ಎಮ್ಮಿಗೆ ಹಿಂಡಿ ಇಟ್ಟಂಗ ಅನ್ರಿ,” ಎಂದರು ಇವರು.

ಡಾಕ್ಟರು ನಕ್ಕರು. ಆಮೇಲೆ ಬೆರಳು ಎತ್ತಿ ಹೇಳಿದರು. “ಬರೇ ಹೊಟ್ಟಿಲೆ, ನೀರಿನ ಜೋಡಿ ನುಂಗಬೇಕು. ಹಾಲಿನ ಪದಾರ್ಥ ಗುಳಿಗಿಗಿಂತ ನಾಲ್ಕು ತಾಸು ಮೊದಲ ಬ್ಯಾಡ, ನುಂಗಿದ ಮ್ಯಾಲೆ ಎರಡು ತಾಸು ಬ್ಯಾಡ.”

ಇಬ್ಬರೂ ಹೂಂ ಎಂದೆವು.

ಮನೆಗೆ ಬಂದ ಮೇಲೆ ನನಗೆ ಹೆದರಿಕೆಯಾಯಿತು. ಮೊದಲಿನ ಗುಳಿಗೆಗೇ ಹೊಟ್ಟೆ ಸುಟ್ಟುಕೊಂಡವರು. ಇದು ಇನ್ನೂ ಉಷ್ಣ ಇರಬೇಕು, ಬರಿ ಹೊಟ್ಟೆಗೆ ಹೇಗೆ ಕೊಡಲಿ? ಹಾಲು ಕೊಡಲಿಲ್ಲ, ಮೊಸರು ಕೊಡಲಿಲ್ಲ. ಮಜ್ಜಿಗೆ ಕೊಟ್ಟೆ. ನಮ್ಮ ಮನೆಯಲ್ಲಿ ಮಜ್ಜಿಗೆ ಎಂದರೆ ನೀರು. ಬಾಗಿಲಿಗೆ ಬಂದವರಿಗೆ ಅದೇ, ಹೊಲದ ಆಳಿಗೆ ಅದೇ, ಜ್ವರ ಬಂದವರಿಗೂ ಅದೇ. ಬೆಣ್ಣೆ ತೆಗೆದ ಮೇಲೆ ಅದರಲ್ಲಿ ಹಾಲಿನದೇನು ಉಳಿಯುತ್ತದೆ?

“ಲೇ, ಹಾಲಿಂದು ಬ್ಯಾಡ ಅಂದಾರಲ್ಲ?”

“ಇದು ಹಾಲಲ್ರಿ, ಬೆಣ್ಣಿ ತಗದ ನೀರು. ಸುಮ್ನ ಕುಡೀರಿ.”

ಕುಡಿದರು. ದಿನಾ ಕುಡಿದರು.

ಎರಡು ತಿಂಗಳು ರಕ್ತ ನೋಡಿದರು. ಎಂಟು ಸಾವಿರ, ಹನ್ನೊಂದು, ಮತ್ತೆ ಒಂಬತ್ತು. ಡಾಕ್ಟರು ಗುಳಿಗೆ ಇಮ್ಮಡಿ ಮಾಡಿದರು. ನಾನು ಮಜ್ಜಿಗೆಯ ಚರಿಗೆಯನ್ನು ದೊಡ್ಡದು ಮಾಡಿದೆ.

ಒಂದು ಬೆಳಿಗ್ಗೆ ಹಾಲು ಹಿಂಡುತ್ತ ಕೂತವರು ತಲೆ ಹಿಡಿದುಕೊಂಡರು. ಎಡಗೈ ಕೆಚ್ಚಲಿನಿಂದ ಜಾರಿತು. ಮಾತು ತೊದಲಿತು. ಹುಬ್ಬಳ್ಳಿಗೆ ಒಯ್ದೆವು. ಮಿದುಳಿನಲ್ಲಿ ಸ್ವಲ್ಪ ರಕ್ತ ಸೋರಿದೆ ಎಂದರು. ಬೇರೆಯವರ ಕಣ ಏರಿಸಿದರು. ಎಂಟು ದಿನಕ್ಕೆ ಮಾತು ತಿರುಗಿ ಬಂತು.

ಗುಳಿಗೆ ನಾಟದಿದ್ದರೆ ಹೊಟ್ಟೆಯ ಎಡಗಡೆ ಇರುವ, ಈ ಕಣಗಳು ಸಾಯುವ ಗುಲ್ಮವನ್ನೇ ತೆಗೆಯಬೇಕಾಗುತ್ತದೆ, ಇಷ್ಟು ಕಡಿಮೆ ಎಣಿಕೆಯಲ್ಲಿ ಕತ್ತಿ ಇಡುವುದೂ ಅಪಾಯ ಎಂದರು ಡಾಕ್ಟರು. ಅದಕ್ಕೂ ಮೊದಲು ಗುಳಿಗೆ ಹೇಗೆ ನುಂಗುತ್ತಾರೆ ಒಮ್ಮೆ ಕೇಳಿ ನೋಡು ಎಂದು ಔಷಧಿ ಕೊಡುವ ಕೋಣೆಯ ನಿಲೋಫರಳನ್ನು ಕಳಿಸಿದರು. ಅವಳು ಮಂಚದ ಬಾಜು ಕೂತಳು. ಇವರ ಅಣ್ಣ ಕುಬೇರಪ್ಪ ಬುತ್ತಿ ತಂದು ಅಲ್ಲೇ ನಿಂತಿದ್ದರು.

“ಕಾಕಾ, ಎದ್ದಾಗಿಂದ ಗುಳಿಗಿ ನುಂಗೂತನಕ ಏನೇನ್ ಮಾಡ್ತೀರಿ, ಒಂದೊಂದ ಹೇಳ್ರಿ.”

“ಏಳ್ತೀನಿ. ಮಾರಿ ತೊಳಕೋತೀನಿ. ಗುಳಿಗಿ ನುಂಗ್ತೀನಿ.”

“ಯಾತರಾಗ?”

ಇವರು ನನ್ನನ್ನು ನೋಡಿದರು. “ಮಜ್ಜಿಗ್ಯಾಗ.”

ನಿಲೋಫರ ಹಣೆಗೆ ಕೈ ಹಚ್ಚಿಕೊಂಡಳು. “ಅಯ್ಯ ಕಾಕಾ! ಹಾಲಿನ್ಯಾಗ ಸುಣ್ಣದ ಅಂಶ, ಕ್ಯಾಲ್ಸಿಯಂ ಇರತೈತ್ರಿ. ಅದು ಹೊಟ್ಟ್ಯಾಗ ಗುಳಿಗಿನ್ನ ಹಿಡಕೊಂಡ ಬಿಡತೈತಿ, ರಕ್ತಕ್ಕ ಹೋಗಾಕ ಬಿಡೂದಿಲ್ಲ. ಮಜ್ಜಿಗ್ಯಾಗೂ ಅದ ಸುಣ್ಣ ಐತಿ. ಎರಡು ತಿಂಗಳ ಗುಳಿಗಿ ನೀರಾಗ ಹೋತಲ್ರಿ! ಯಾರ್ ಕೊಟ್ರು ನಿಮಗ?”

ನಾನು ಚಾದರ ಮಡಚುತ್ತಿದ್ದೆ. ಕೈ ನಿಂತಿತು.

“ಯಾರ್ ಕೊಡ್ತಾರವಾ ತಂಗಿ. ನಾನ ಕುಡದೆ. ಮಸರ ಮಾರಾವ, ಬಾಯಿ ಚಟ. ಇಕಿ ಬ್ಯಾಡ ಬ್ಯಾಡ ಅಂತಿದ್ಲು.”

ಡಾಕ್ಟರು ಬಂದು ಆರು ಮಂಚದವರ ಎದುರು ಬೈದರು. ಕುಬೇರಪ್ಪನವರೂ ಬೈದರು. “ಸಣ್ಣ ಹುಡುಗನೇನೋ ನೀನು? ನಾಲಿಗಿ ಹಿಡಿತದಾಗ ಇಲ್ಲ?” ಇವರು ತಲೆ ಬಗ್ಗಿಸಿ ಕೇಳಿಸಿಕೊಂಡರು. ನಾನು ಚಾದರ ಮಡಚಿದೆ. ಬಾಯಿ ತೆರೆಯಲಿಲ್ಲ.

ಊರಿಗೆ ಬರುವಾಗ ಬಸ್ಸಿನಲ್ಲಿ ಕೇಳಿದೆ. “ಯಾಕ ಹಂಗಂದ್ರಿ?”

“ನಿನಗ ಬೈದಿದ್ರ ನೀ ಗುಳಿಗಿ ಡಬ್ಬಿ ಮುಟ್ಟಾಕ ಅಂಜತಿದ್ದಿ. ನಾಳಿಂದ ಕೊಡಾಕಿ ನೀನ ಅಲ್ಲೇನ?”

ಕಿಟಕಿಯ ಹೊರಗೆ ನೋಡುತ್ತ ಕೂತರು.

ಮರುದಿನದಿಂದ ಬೆಳಿಗ್ಗೆ ಐದಕ್ಕೆ ಗುಳಿಗೆ, ನೀರು. ನಾನು ಎದುರು ನಿಂತು ನುಂಗಿಸುತ್ತಿದ್ದೆ. ಏಳಾಗುವವರೆಗೆ ಹಾಲಿನದು ಏನೂ ಇಲ್ಲ. ಮೂರನೆಯ ವಾರ ಹುಬ್ಬಳ್ಳಿಯಲ್ಲಿ ರಕ್ತ ನೋಡಿದಾಗ ನಿಲೋಫರ ಚೀಟಿ ಹಿಡಿದು ಓಡಿ ಬಂದಳು.

“ಕಾಕಾ, ಅರವತ್ತೆರಡು ಸಾವಿರ!”

“ನೋಡವಾ, ಹಿಂಡಿ ತಿಂದ ಎಮ್ಮಿ ಹಾಲು ಕೊಡ್ತು,” ಎಂದರು ಇವರು.

ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಆಮೇಲೆ ಎರಡು ವರ್ಷ ಚೆನ್ನಾಗಿದ್ದರು. ಗಡಿಗೆ ಕಡಿಮೆ ಮಾಡಿ ಆರು ಒಯ್ಯುತ್ತಿದ್ದರು. ಎಡಗೈಯಲ್ಲಿ ಮೊದಲಿನ ಬಲ ಇರಲಿಲ್ಲ. ಬೋರಲು ಹಿಡಿಯಲು ಆಗುತ್ತಿರಲಿಲ್ಲ. “ನೀವ ಹಿಡೀರಿ, ನಿಮ್ಮ ತಲಿ ಮ್ಯಾಲೆ ನೀವ ಹಿಡೀರಿ,” ಎಂದು ಗಡಿಗೆಯನ್ನು ಗಿರಾಕಿಯ ಕೈಗೆ ಕೊಡುತ್ತಿದ್ದರಂತೆ. ಏಳು ಗಂಟೆಗೆ ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಗಡಿಯಾರ ನೋಡಿಯೇ ಮಜ್ಜಿಗೆ ಬಾಟಲಿ ತೆರೆಯುತ್ತಿದ್ದರು. ಒಂದು ದಿನವೂ ಹೊತ್ತು ತಪ್ಪಿಸಲಿಲ್ಲ.

ಹೋದ ಮಳೆಗಾಲದಲ್ಲಿ ಊರಲ್ಲಿ ಡೆಂಗಿ ಬಂತು. ಇವರಿಗೂ ಬಂತು. ಎಂಬತ್ತು ಸಾವಿರ ಇದ್ದದ್ದು ಐದು ದಿನಕ್ಕೆ ನಾಲ್ಕು ಸಾವಿರ. ದವಾಖಾನೆಯಲ್ಲಿದ್ದಾಗಲೇ ಮಿದುಳಿನಲ್ಲಿ ರಕ್ತ ಒಡೆಯಿತು. ಈ ಸಲ ಮಾತು ತಿರುಗಿ ಬರಲಿಲ್ಲ. “ಇದು ಜ್ವರದ್ದರೀ ಅಮ್ಮಾ. ನೀವು ಎಲ್ಲಾ ಬರೋಬ್ಬರಿ ಮಾಡೀರಿ,” ಎಂದು ಡಾಕ್ಟರು ನನ್ನ ಕೈ ಹಿಡಿದರು. ಅದನ್ನು ಕೇಳಿದವಳು ನಾನೊಬ್ಬಳೇ.

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಎರೆಯಲು ಹೋದಾಗ ಕುಬೇರಪ್ಪನವರು ಜನರಿಗೆ ಹೇಳಿದರು. “ಮಜ್ಜಿಗಿ ಬಿಡಲಿಲ್ಲ ನೋಡ್ರಿ ಅವ. ಡಾಕ್ಟರ್ ಮುಂದ ತಾನ ಒಪ್ಪಿದ್ದ. ಬಾಯಿ ಚಟಕ್ಕ ಹೋದ.” ಅವರೂ ಅಳುತ್ತಲೇ ಹೇಳಿದರು. ತಮ್ಮನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಆದರೆ ಮಾತು ಬಸ್‌ಸ್ಟ್ಯಾಂಡ್ ಮುಟ್ಟಿತು. ಮಗಳು ದಾನೇಶ್ವರಿಯ ಅತ್ತೆ ಮನೆಯನ್ನೂ ಮುಟ್ಟಿತು. “ಅಪ್ಪ ಹಂಗ್ಯಾಕ ಮಾಡಿದ ಯವ್ವಾ?” ಎಂದು ಅವಳು ಫೋನಿನಲ್ಲಿ ಕೇಳಿದಳು. ನಾನು ಫೋನು ಇಟ್ಟೆ.

ಹೋದ ಅಮಾವಾಸ್ಯೆಗೆ ಎಡೆ ಹಿಡಿದೆ. ಕುಬೇರಪ್ಪನವರು ಊಟಕ್ಕೆ ಕೂತಿದ್ದರು. ಮತ್ತೆ ಅದೇ ಮಾತು ತೆಗೆದರು. ನಾನು ರೊಟ್ಟಿ ಬುಟ್ಟಿ ಕೆಳಗಿಟ್ಟೆ.

“ಭಾವಾರ, ಮಜ್ಜಿಗಿ ಕೊಟ್ಟಾಕಿ ನಾನು.”

ಅವರ ಕೈ ತಾಟಿನಲ್ಲೇ ನಿಂತಿತು.

“ಅವರು ಬ್ಯಾಡ ಅಂದಿದ್ರು. ನಾನ ಕುಡಸಿದೆ. ದವಾಖಾನ್ಯಾಗ ನನ್ನ ಮ್ಯಾಲೆ ಬರಬಾರದು ಅಂತ ತಾವ ಕುಡದೆ ಅಂದ್ರು. ತಿಳದ ಮ್ಯಾಲೆ ಎರಡು ವರ್ಷ ಒಂದು ಗುಟುಕು ವ್ಯಾಳ್ಯಾ ಬಿಟ್ಟು ಕುಡದಿಲ್ಲ. ಅವರು ಹೋಗಿದ್ದು ಡೆಂಗಿಗೆ. ಇನ್ನ ಬಾಯಿ ಚಟ ಅನಬ್ಯಾಡ್ರಿ.”

ಅವರು ತಾಟು ದೂರ ಸರಿಸಿದರು.

“ಎರಡು ವರ್ಷ ಕಂಡಾಗೊಮ್ಮೆ ಬೈದೀನಿ ಅವನ್ನ,” ಎಂದರು. “ಒಂದ ಸಲಾನೂ ಬಾಯಿ ಬಿಡಲಿಲ್ಲ ಮಗಾ.”

“ಇಲ್ರಿ.”

ಕಣ್ಣು ಒರೆಸಿಕೊಂಡು ಕೇಳಿದರು. “ಮನ್ಯಾಗ ಮಜ್ಜಿಗಿ ಐತೇನ ಶಾರದವ್ವಾ?”

ಇರಲಿಲ್ಲ. ನಮ್ಮವರು ಹೋದ ಮೇಲೆ ನಾನು ಒಂದು ದಿನವೂ ಕಡೆದಿರಲಿಲ್ಲ. ಹಾಲನ್ನೆಲ್ಲ ಡೇರಿಗೆ ಹಾಕುತ್ತಿದ್ದೆ.

“ನಾಳಿ ಬರ್ರಿ,” ಎಂದೆ.

ಅವತ್ತು ಸಂಜೆ ಹಾಲನ್ನು ಡೇರಿಗೆ ಕಳಿಸಲಿಲ್ಲ. ಕಾಸಿ, ಆರಿಸಿ, ನಮ್ಮವರ ಗಡಿಗೆಯಲ್ಲಿ ಹೆಪ್ಪು ಹಾಕಿದೆ.